‘ಪೆಟಿ’ ಪದವನ್ನು ಎಲ್ಲಿ ಬಳಸಬೇಕು, ಎಲ್ಲಿ ಬಳಸಬಾರದು?

‘ಪೆಟಿ ಅಂದ್ರೆ ಸಣ್ಣದು ತಾನೆ? ಹಾಗಾದ್ರೆ ಸಣ್ಣ ಮನೆಗೆ ಪೆಟಿ ಹೌಸ್ ಅಂತ ಯಾಕೆ ಹೇಳಬಾರದು?’ ಓದುಗರಿಂದ ಪದೇ ಪದೇ ಬರುವ ಪ್ರಶ್ನೆ ಇದು. ಠಾಣೆಯಲ್ಲಿ ಪೆಟಿ ಕೇಸು, ಆಫೀಸಿನಲ್ಲಿ ಪೆಟಿ ಕ್ಯಾಶು, ನೌಕಾಪಡೆಯಲ್ಲಿ ಪೆಟಿ ಆಫೀಸರು, ಜಗಳ ಬಂದಾಗ ‘ಡೋಂಟ್ ಬಿ ಪೆಟಿ’. ಎಲ್ಲ ಕಡೆಯೂ ಪದ ಒಂದೇ. ನಿಘಂಟು ತೆರೆದರೆ ‘ಸಣ್ಣ, ಅಲ್ಪ, ಕ್ಷುಲ್ಲಕ, ನೀಚ’ ಎಂದು ಸಾಲಾಗಿ ಬರೆದು ಕೈತೊಳೆದುಕೊಂಡಿರುತ್ತದೆ. ಯಾವುದನ್ನು ಯಾವಾಗ ಎತ್ತಿಕೊಳ್ಳಬೇಕು ಎನ್ನುವುದು ಅಲ್ಲಿ ಸಿಗುವುದಿಲ್ಲ.

ಈ ಪದ ಎರಡು ಬೇರೆ ಬೇರೆ ಕೆಲಸ ಮಾಡುತ್ತದೆ. ಒಂದು, ದರ್ಜೆ ಹೇಳುವುದು: ಇದು ದೊಡ್ಡ ವರ್ಗಕ್ಕೆ ಸೇರಿದ್ದಲ್ಲ, ಸಣ್ಣ ವರ್ಗದ್ದು ಎಂದು ಚೀಟಿ ಅಂಟಿಸುವುದು. ಇನ್ನೊಂದು, ಹಳಿಯುವುದು: ಇದು ಇಷ್ಟೆಲ್ಲ ಹಚ್ಚಿಕೊಳ್ಳುವ ವಿಷಯವಲ್ಲ, ಹಚ್ಚಿಕೊಂಡವನ ಮನಸ್ಸು ಸಣ್ಣದು ಎನ್ನುವುದು. ಕನ್ನಡದಲ್ಲಿ ‘ಚಿಲ್ಲರೆ’ ಎಂಬ ಪದ ಹೆಚ್ಚುಕಡಿಮೆ ಇದನ್ನೇ ಮಾಡುತ್ತದೆ. ‘ಚಿಲ್ಲರೆ ಅಂಗಡಿ’ ಎಂದರೆ ಅಂಗಡಿಯವರಿಗೆ ಬೇಸರವಿಲ್ಲ, ‘ಚಿಲ್ಲರೆ ಬುದ್ಧಿ’ ಎಂದು ನೋಡಿ. ಈ ಜೋಡಿ ನೆನಪಿದ್ದರೆ ಅರ್ಧ ಕೆಲಸ ಮುಗಿದಂತೆ.

ಕೈಯಲ್ಲಿ ಇರಬೇಕಾದದ್ದು ಹೆಚ್ಚೇನಿಲ್ಲ. ಪದ ಬಂದಿರುವ ಪೂರ್ತಿ ವಾಕ್ಯ ಬೇಕು, ಬಿಡಿ ಪದ ಸಾಲದು. ಅದರ ಮುಂದೆ ಯಾವ ನಾಮಪದ ಇದೆ, ಅದನ್ನು ಹೇಳುತ್ತಿರುವವರು ಯಾರು ಎಂಬುದು ಗೊತ್ತಿರಬೇಕು. ನಿಘಂಟು ನೋಡುವುದಾದರೆ ಉದಾಹರಣೆ ವಾಕ್ಯ ಕೊಡುವಂಥದ್ದನ್ನು ನೋಡಿ.

1. ಮೊದಲು ಉಚ್ಚಾರ ಸರಿಮಾಡಿಕೊಳ್ಳಿ

ಬರೆಯುವಾಗ ಪಿ-ಇ-ಟಿ-ಟಿ-ವೈ. ಎರಡು ‘ಟಿ’ ಇವೆಯೆಂದು ನಮ್ಮ ನಾಲಿಗೆ ‘ಪೆಟ್ಟಿ’ ಎಂದು ಒತ್ತುತ್ತದೆ. ಇಂಗ್ಲಿಷಿನಲ್ಲಿ ಒತ್ತಿಲ್ಲ, ಹ್ರಸ್ವ ‘ಪೆ’, ಒಂದೇ ‘ಟಿ’. ಅಮೆರಿಕದವರ ಬಾಯಲ್ಲಿ ಅದು ‘ಪೆಡಿ’ಗೆ ಹತ್ತಿರ ಕೇಳಿಸುತ್ತದೆ, ಗಾಬರಿಯಾಗಬೇಡಿ. ‘ಪಿಟಿ’ ಎಂದರೆ ಕನಿಕರ, ‘ಪ್ರಿಟಿ’ ಎಂದರೆ ಚೆಂದ. ಫೋನಿನಲ್ಲಿ ಈ ಮೂರೂ ಅದಲುಬದಲಾಗುವುದುಂಟು.

ಪದ ಹುಟ್ಟಿದ್ದು ಫ್ರೆಂಚಿನ ‘ಪೆತಿ’ಯಿಂದ. ಅಲ್ಲಿ ಬರೆಯುವಾಗ ಕೊನೆಯಲ್ಲಿ ‘ಟಿ’ ಇದ್ದರೂ ಉಚ್ಚಾರದಲ್ಲಿಲ್ಲ. ಇಂಗ್ಲಿಷರು 14ನೇ ಶತಮಾನದಲ್ಲಿ ಕಿವಿಗೆ ಬಿದ್ದಂತೆ ಬರೆದುಕೊಂಡರು. ಆಗ ಅದಕ್ಕೆ ‘ಚಿಕ್ಕದು’ ಎಂಬಷ್ಟೇ ಅರ್ಥ, ತಿರಸ್ಕಾರ ಇರಲಿಲ್ಲ. ‘ಮಹತ್ವವಿಲ್ಲದ್ದು’, ‘ಸಣ್ಣ ಮನಸ್ಸಿನ’ ಎಂಬ ಛಾಯೆಗಳು ಸೇರಿದ್ದು 16ನೇ ಶತಮಾನದಲ್ಲಿ. ಮುಂದೆ ಬರೀ ಗಾತ್ರ ಹೇಳುವ ಹಳೆಯ ಅರ್ಥ ಬಳಕೆಯಿಂದ ಬಿದ್ದುಹೋಯಿತು. ‘ಪೆಟಿ ಹೌಸ್’, ‘ಪೆಟಿ ಕಾರ್’, ‘ಪೆಟಿ ಬೇಬಿ’ ಯಾವುದೂ ನಡೆಯದಿರುವುದಕ್ಕೆ ಕಾರಣ ಇದೇ. ಹಳೆಯ ಅರ್ಥದ ಕುರುಹು ಪೆಟಿಕೋಟಿನಲ್ಲಿ ಉಳಿದಿದೆ: ‘ಚಿಕ್ಕ ಕೋಟು’. 15ನೇ ಶತಮಾನದಲ್ಲಿ ಅದು ಗಂಡಸರು ಮೇಲಂಗಿಯ ಒಳಗೆ ತೊಡುತ್ತಿದ್ದ ಗಿಡ್ಡ ಉಡುಪು.

2. ವಾಕ್ಯವನ್ನು ತಿರುಗಿಸಿ ನೋಡಿ

ಯಾವ ಅರ್ಥವೆಂದು ಪತ್ತೆಹಚ್ಚಲು ಇದಕ್ಕಿಂತ ಸುಲಭದ ದಾರಿ ಇಲ್ಲ. ನಾಮಪದವನ್ನು ಮುಂದಕ್ಕೆ ತನ್ನಿ, ‘ಈಸ್ ಪೆಟಿ’ ಎಂಬುದನ್ನು ಕೊನೆಗೆ ಇಡಿ.

‘ಪೆಟಿ ಕ್ಯಾಶ್’ ತಿರುಗಿಸಿದರೆ ‘ದ ಕ್ಯಾಶ್ ಈಸ್ ಪೆಟಿ’. ಇಂಗ್ಲಿಷ್ ಬಲ್ಲವರು ಯಾರೂ ಹೀಗೆ ಹೇಳುವುದಿಲ್ಲ. ವಾಕ್ಯ ಮುರಿಯಿತು ಎಂದರೆ ಅದು ದರ್ಜೆಯ ಅರ್ಥ.

‘ಪೆಟಿ ಕ್ವಾರಲ್’ ತಿರುಗಿಸಿದರೆ ‘ದ ಕ್ವಾರಲ್ ಈಸ್ ಪೆಟಿ’. ಸಲೀಸಾಗಿ ನಿಂತಿತು. ಇದು ಹಳಿಯುವ ಅರ್ಥ.

‘ಪೆಟಿ ಆಫೀಸರ್’ ತಿರುಗಿಸಿದರೆ ‘ದ ಆಫೀಸರ್ ಈಸ್ ಪೆಟಿ’. ವ್ಯಾಕರಣದಲ್ಲಿ ತಪ್ಪಿಲ್ಲ, ಆದರೆ ಒಬ್ಬ ನಾವಿಕನ ಹುದ್ದೆ ಹೇಳಲು ಹೊರಟು ಆತನ ಗುಣವನ್ನು ಬೈದಿರಿ. ಅರ್ಥ ಬದಲಾದರೂ ಮೊದಲಿನದು ದರ್ಜೆಯೇ.

ಅನುಮಾನ ಉಳಿದರೆ ಮುಂದೆ ‘ವೆರಿ’ ಸೇರಿಸಿ. ‘ವೆರಿ ಪೆಟಿ ಮ್ಯಾನ್’ ಸರಿ, ‘ವೆರಿ ಪೆಟಿ ಕ್ಯಾಶ್’ ನಗೆಪಾಟಲು. ‘ಪೆಟಿಯರ್’, ‘ಪೆಟಿಯೆಸ್ಟ್’ ಎಂಬ ರೂಪಗಳು ಹಳಿಯುವ ಅರ್ಥಕ್ಕೆ ಮಾತ್ರ ಹೊಂದುತ್ತವೆ, ‘ಪೆಟಿನೆಸ್’ ಎಂಬ ನಾಮಪದವೂ ಅಷ್ಟೇ. ಈ ಪರೀಕ್ಷೆ ಪೂರ್ತಿ ಕೈಕೊಡುವ ಜಾಗ ಒಂದಿದೆ, ಅಪರಾಧದ ಮಾತು. ಅಲ್ಲಿ ಎರಡೂ ಅರ್ಥ ಬೆರೆತಿವೆ. ಅದಕ್ಕೆ ನಾಲ್ಕನೇ ಹಂತ.

3. ಆಫೀಸಿನ ‘ಪೆಟಿ’: ಹಣ ಸಣ್ಣದಲ್ಲ, ಪಾವತಿ ಸಣ್ಣದು

ಪೆಟಿ ಕ್ಯಾಶ್ ಎಂದರೆ ಚೆಕ್ಕು, ಬ್ಯಾಂಕ್ ವರ್ಗಾವಣೆ ಎಂದು ಕೂರಲಾಗದ ಬಿಡಿ ಖರ್ಚುಗಳಿಗೆ ಕೈಯಲ್ಲಿಟ್ಟುಕೊಂಡ ನಗದು. ಕನ್ನಡದಲ್ಲಿ ‘ಚಿಲ್ಲರೆ ನಗದು’. ಇಲ್ಲಿ ‘ಪೆಟಿ’ ಹೇಳುವುದು ಡಬ್ಬಿಯಲ್ಲಿರುವ ಒಟ್ಟು ಮೊತ್ತವನ್ನಲ್ಲ, ಒಂದೊಂದು ಪಾವತಿಯನ್ನು. ದೊಡ್ಡ ಕಂಪನಿಯ ಪೆಟಿ ಕ್ಯಾಶ್ ನಿಮ್ಮ ಸಂಬಳಕ್ಕಿಂತ ಹೆಚ್ಚಿರಬಹುದು.

ಹೆಚ್ಚಿನ ಕಡೆ ಇದು ಇಂಪ್ರೆಸ್ಟ್ ಪದ್ಧತಿಯಲ್ಲಿ ನಡೆಯುತ್ತದೆ. ಒಂದು ನಿಗದಿತ ಮೊತ್ತ ಕೊಟ್ಟು, ಖರ್ಚಾದಷ್ಟನ್ನೇ ಮತ್ತೆ ತುಂಬುವುದಕ್ಕೆ ಈ ಹೆಸರು. ತಿಂಗಳ ಮೊದಲ ದಿನ 5,000 ರೂಪಾಯಿ ಕೊಟ್ಟರು ಎನ್ನೋಣ. ಕಾಫಿ-ಟೀ 620, ಆಟೋ 340, ಕೊರಿಯರ್ 480, ಜೆರಾಕ್ಸ್ 215, ಶುಕ್ರವಾರದ ಪೂಜೆಯ ಹೂವು-ಹಣ್ಣು 300. ಒಟ್ಟು 1,955. ಡಬ್ಬಿಯಲ್ಲಿ 3,045 ಉಳಿದಿರಬೇಕು. ಮತ್ತೆ ತುಂಬಬೇಕಾದ್ದು ಸರಿಯಾಗಿ 1,955. ತಿಂಗಳ ಯಾವ ದಿನ ಎಣಿಸಿದರೂ ನಗದು ಮತ್ತು ವೋಚರುಗಳ ಮೊತ್ತ ಸೇರಿ 5,000 ಬರಬೇಕು. ಬರದಿದ್ದರೆ ಎಲ್ಲೋ ಒಂದು ವೋಚರು ಬರೆದಿಲ್ಲ, ಸಾಮಾನ್ಯವಾಗಿ ಆಟೋದ್ದು.

ಪದ ತಪ್ಪಿ ಲೆಕ್ಕವೂ ತಪ್ಪುವುದು ಇಲ್ಲೇ. ‘ಪೆಟಿ ಕ್ಯಾಶ್’ ಎಂದರೆ ಖರ್ಚು ಎಂದುಕೊಂಡು ಲೆಕ್ಕ ಬರೆಯುವ ತಂತ್ರಾಂಶ ಟ್ಯಾಲಿಯಲ್ಲಿ ಅದರ ಲೆಡ್ಜರನ್ನು ‘ಇಂಡೈರೆಕ್ಟ್ ಎಕ್ಸ್‌ಪೆನ್ಸಸ್’ ಕೆಳಗೆ ತೆರೆಯುವವರಿದ್ದಾರೆ. ಅದು ಖರ್ಚಲ್ಲ, ಕೈಯಲ್ಲಿರುವ ಹಣ. ‘ಕ್ಯಾಶ್-ಇನ್-ಹ್ಯಾಂಡ್’ ಗುಂಪಿಗೆ ಸೇರಬೇಕು. ಖರ್ಚಿಗೆ ‘ಪೆಟಿ ಎಕ್ಸ್‌ಪೆನ್ಸಸ್’ ಎಂದು ಬೇರೆ ಲೆಡ್ಜರು. ತಪ್ಪು ಗುಂಪಿಗೆ ಹಾಕಿದರೆ ಡಬ್ಬಿಗೆ ಹಣ ಕೊಟ್ಟ ದಿನವೇ 5,000 ಪೂರ್ತಿ ಖರ್ಚಾದಂತೆ ಲಾಭ-ನಷ್ಟದ ಪಟ್ಟಿ ತೋರಿಸುತ್ತದೆ.

ಪಕ್ಕದಲ್ಲೇ ಕೂತಿರುವ ಇನ್ನೊಂದು ಪದ ‘ಸಂಡ್ರಿ’. ಅದಕ್ಕೆ ಸಣ್ಣದು ಎಂಬ ಅರ್ಥವಿಲ್ಲ, ‘ನಾನಾ ಬಗೆಯ’ ಎಂದಷ್ಟೇ. ‘ಸಂಡ್ರಿ ಡೆಟರ್ಸ್’ ಪಟ್ಟಿಯಲ್ಲಿ ಕೋಟಿ ಬಾಕಿ ಇಟ್ಟವರೂ ಇರಬಹುದು. ಸರ್ಕಾರಿ ಕಚೇರಿಯ ‘ಸಾದಿಲ್ವಾರು’ ಪೆಟಿ ಕ್ಯಾಶಿಗೆ ಕನ್ನಡ ಎಂದು ಕೆಲವರು ಬರೆಯುತ್ತಾರೆ. ಅದು ಕಂಟಿಂಜೆನ್ಸಿಗೆ, ಅಂದರೆ ಕಚೇರಿಯ ಪ್ರಾಸಂಗಿಕ ಖರ್ಚಿಗೆ ಸಂದ ಮಾತು. ಎರಡನ್ನೂ ಒಂದೇ ಪತ್ರದಲ್ಲಿ ಬೆರೆಸಬೇಡಿ.

4. ಕಾನೂನಿನ ‘ಪೆಟಿ’: ‘ಗಂಭೀರವಲ್ಲ’ ಎಂದು ಓದಿಕೊಳ್ಳಬೇಡಿ

ಅತಿ ಹೆಚ್ಚು ಎಡವುವುದು ಇಲ್ಲಿ. ‘ಪೆಟಿ ಕೇಸ್ ತಾನೆ, ಬಿಡಿ’ ಎಂಬ ಮಾತು ಎಲ್ಲರ ಬಾಯಲ್ಲೂ ಇದೆ. ಆದರೆ ಕಾನೂನಿನಲ್ಲಿ ‘ಪೆಟಿ’ ಎಂದರೆ ಎಷ್ಟು ಸಣ್ಣದು ಎಂಬುದನ್ನು ಆಯಾ ಕಲಮೇ ಅಳತೆ ಹಾಕಿ ಹೇಳುತ್ತದೆ. ನಿಮ್ಮ ಅಂದಾಜಿಗೆ ಅಲ್ಲಿ ಜಾಗವಿಲ್ಲ.

ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 229ನೇ ಕಲಮಿನಲ್ಲಿ ‘ಪೆಟಿ ಅಫೆನ್ಸ್’ ಎಂದರೆ 5,000 ರೂಪಾಯಿ ಮೀರದ ದಂಡ ಮಾತ್ರ ಇರುವ ಅಪರಾಧ. ಒಂದು ದಿನದ ಜೈಲಿಗೆ ಅವಕಾಶವಿದ್ದರೂ ಅದು ಈ ವ್ಯಾಖ್ಯೆಯೊಳಗೆ ಬರುವುದಿಲ್ಲ. ಮೋಟಾರು ವಾಹನ ಕಾಯ್ದೆಯಡಿ ಬರುವ ಇಂಥ ದಂಡದ ಅಪರಾಧಗಳನ್ನೂ ಈ ಕಲಮು ಹೊರಗಿಟ್ಟಿದೆ. ಹಾಗಾಗಿ ಹೆಲ್ಮೆಟ್ ಇಲ್ಲದೆ ಸಿಕ್ಕಿಬಿದ್ದದ್ದನ್ನು ನೀವು ‘ಪೆಟಿ ಕೇಸ್’ ಎಂದು ಕರೆಯಬಹುದು, 229ನೇ ಕಲಮು ಕರೆಯುವುದಿಲ್ಲ. ಹಳೆಯ ಸಿಆರ್‌ಪಿಸಿಯಲ್ಲಿ (ಇದಕ್ಕೆ ಮೊದಲಿದ್ದ ದಂಡ ಪ್ರಕ್ರಿಯಾ ಸಂಹಿತೆ) ಇದೇ ಮಿತಿ 1,000 ರೂಪಾಯಿ ಇತ್ತು. ಹಳೆಯ ಪುಸ್ತಕ ನೋಡಿ ಬರೆಯುವವರು ಗಮನಿಸಿ.

ಇನ್ನೊಂದು ಕಡೆ ನೋಡಿ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 112ನೇ ಕಲಮಿನ ಹೆಸರು ‘ಪೆಟಿ ಆರ್ಗನೈಸ್ಡ್ ಕ್ರೈಮ್’. ಗುಂಪು ಕಟ್ಟಿಕೊಂಡು ಮಾಡುವ ಕಳವು, ಸರಗಳ್ಳತನದಂಥ ಕಸಿಯುವ ಕೆಲಸ, ಟಿಕೆಟ್ ಅಕ್ರಮ ಮಾರಾಟ, ಬೆಟ್ಟಿಂಗು, ಪರೀಕ್ಷೆಯ ಪ್ರಶ್ನೆಪತ್ರಿಕೆ ಮಾರುವುದು ಇದರಲ್ಲಿ ಬರುತ್ತವೆ. ಶಿಕ್ಷೆ ಕನಿಷ್ಠ ಒಂದು ವರ್ಷ, ಗರಿಷ್ಠ ಏಳು ವರ್ಷ ಜೈಲು, ಜೊತೆಗೆ ದಂಡ. 111ನೇ ಕಲಮಿನ ‘ಆರ್ಗನೈಸ್ಡ್ ಕ್ರೈಮ್’ ಪಕ್ಕದಲ್ಲಿಟ್ಟರೆ ಇದು ಸಣ್ಣದು, ಅಷ್ಟೇ. ಏಳು ವರ್ಷವನ್ನು ‘ಕ್ಷುಲ್ಲಕ’ ಎಂದು ಅನುವಾದಿಸಿದರೆ ಓದುವವರಿಗೆ ದಾರಿ ತಪ್ಪುತ್ತದೆ. ಶೀರ್ಷಿಕೆಗೆ ‘ಸಣ್ಣ ಪ್ರಮಾಣದ ಸಂಘಟಿತ ಅಪರಾಧ’ ಎನ್ನಿ.

ಈ ‘ಪಕ್ಕದಲ್ಲಿಟ್ಟರೆ ಸಣ್ಣದು’ ಎಂಬ ಲೆಕ್ಕ ಇಂಗ್ಲೆಂಡಿನ ಹಳೆಯ ಕಾನೂನಿನಿಂದ ಬಂದದ್ದು. ಅಲ್ಲಿ 12 ಪೆನ್ಸ್‌ವರೆಗಿನ ಕಳವು ‘ಪೆಟಿ ಲಾರ್ಸನಿ’, ಅದಕ್ಕೆ ಮೇಲ್ಪಟ್ಟದ್ದು ‘ಗ್ರ್ಯಾಂಡ್ ಲಾರ್ಸನಿ’. ಎರಡನೆಯದಕ್ಕೆ ಮರಣದಂಡನೆ ಇತ್ತು. ಈ ವಿಂಗಡಣೆ 1827ರಲ್ಲಿ ಹೋಯಿತು. ಹೆಂಡತಿ ಗಂಡನನ್ನು, ಅಥವಾ ಆಳು ಯಜಮಾನನನ್ನು ಕೊಂದರೆ ಅದರ ಹೆಸರು ‘ಪೆಟಿ ಟ್ರೀಸನ್’, ಸಣ್ಣ ರಾಜದ್ರೋಹ! ಅರಸನಿಗೆ ಬಗೆದ ದ್ರೋಹ ದೊಡ್ಡದು, ಮನೆಯ ಯಜಮಾನನಿಗೆ ಬಗೆದದ್ದು ಸಣ್ಣದು ಎಂಬ ತರ್ಕ. ಅದಕ್ಕೆ ಹೆಂಗಸರಿಗೆ 1790ರವರೆಗೂ ಇದ್ದ ಶಿಕ್ಷೆ ಸುಡುವುದು. ಹೆಸರಿನಲ್ಲಿ ‘ಪೆಟಿ’ ಇದೆಯೆಂದು ಶಿಕ್ಷೆ ಹಗುರ ಎಂದುಕೊಳ್ಳುವವರಿಗೆ ಈ ಒಂದು ಉದಾಹರಣೆ ಸಾಕು.

ಅಮೆರಿಕಕ್ಕೆ ಹೊರಟವರಿಗೆ ಒಂದು ಮಾತು. ಅಲ್ಲಿನ ವಲಸೆ ಕಾನೂನಿನಲ್ಲಿ ‘ಪೆಟಿ ಅಫೆನ್ಸ್ ಎಕ್ಸೆಪ್ಷನ್’ ಎಂಬ ವಿನಾಯಿತಿ ಇದೆ, ಸಣ್ಣ ಅಪರಾಧವೊಂದರ ಕಾರಣಕ್ಕೆ ದೇಶದ ಪ್ರವೇಶ ತಪ್ಪದಿರಲಿ ಎಂದು. ಮಾಡಿದ್ದು ಒಂದೇ ಅಪರಾಧವಾಗಿರಬೇಕು, ಅದಕ್ಕೆ ಕಾನೂನಿನಲ್ಲಿ ಇರುವ ಗರಿಷ್ಠ ಶಿಕ್ಷೆ ಒಂದು ವರ್ಷ ಮೀರಿರಬಾರದು, ಕೋರ್ಟು ವಿಧಿಸಿದ್ದು ಆರು ತಿಂಗಳು ಮೀರಿರಬಾರದು. ನಮ್ಮ 5,000 ರೂಪಾಯಿಯ ‘ಪೆಟಿ’ಗೂ ಇದಕ್ಕೂ ಸಂಬಂಧವಿಲ್ಲ. ವೀಸಾ ಅರ್ಜಿ ‘ಎನಿ ಅಫೆನ್ಸ್’ ಎಂದು ಕೇಳಿದ್ದರೆ ‘ನಮ್ಮದು ಪೆಟಿ ಕೇಸು’ ಎಂದು ನೀವೇ ತೀರ್ಮಾನಿಸಿ ಖಾಲಿ ಬಿಡಬೇಡಿ. ವಕೀಲರಿಗೆ ಕಲಮಿನ ಸಂಖ್ಯೆ ತೋರಿಸಿ ಕೇಳಿ.

5. ಹುದ್ದೆ, ಕಸುಬು, ಅಂಗಡಿ

ಭಾರತೀಯ ನೌಕಾಪಡೆಯಲ್ಲಿ ಲೀಡಿಂಗ್ ದರ್ಜೆಯ ಮೇಲೆ, ಚೀಫ್ ಪೆಟಿ ಆಫೀಸರ್ ಕೆಳಗೆ ಪೆಟಿ ಆಫೀಸರ್ ಬರುತ್ತಾರೆ. ಭೂಸೇನೆಯ ಹವಾಲ್ದಾರ್, ವಾಯುಪಡೆಯ ಸಾರ್ಜೆಂಟ್ ದರ್ಜೆಗೆ ಸಮ. ಕಾರವಾರದ ನೌಕಾನೆಲೆಯ ಸುದ್ದಿಯಲ್ಲಿ ಈ ಪದ ಆಗಾಗ ಕಾಣುತ್ತದೆ. ಯಂತ್ರಾನುವಾದಕ್ಕೆ ಕೊಟ್ಟು ಬಂದದ್ದನ್ನು ಹಾಗೇ ಅಂಟಿಸಿದರೆ ‘ಕ್ಷುಲ್ಲಕ ಅಧಿಕಾರಿ’ ಎಂದು ಅಚ್ಚಾಗುವ ಅಪಾಯವಿದೆ. ಹುದ್ದೆಯ ಹೆಸರನ್ನು ಅನುವಾದಿಸದೆ ‘ಪೆಟಿ ಆಫೀಸರ್’ ಎಂದೇ ಬಿಡಿ.

ಅಂದಹಾಗೆ, ‘ಕ್ಷುಲ್ಲಕ’ ಕೂಡ ಮೂಲದಲ್ಲಿ ಬೈಗುಳವಲ್ಲ. ದಿಗಂಬರ ಜೈನರಲ್ಲಿ ಎರಡು ವಸ್ತ್ರ ಇಟ್ಟುಕೊಂಡ ತ್ಯಾಗಿ ಕ್ಷುಲ್ಲಕರು, ಒಂದೇ ವಸ್ತ್ರದವರು ಐಲಕರು, ಅದರ ಮೇಲೆ ಮುನಿಗಳು. ಅಲ್ಲಿ ಕ್ಷುಲ್ಲಕ ಎನ್ನುವುದು ಗೌರವದ ಒಂದು ಮೆಟ್ಟಿಲು. ‘ಕ್ಷುಲ್ಲಕ ಕಾರಣಕ್ಕೆ ಹೊಡೆದಾಟ’ ಎಂದು ಪತ್ರಿಕೆ ಬರೆಯುವ ಪದವೂ ಅದೇ. ದರ್ಜೆ ಮತ್ತು ತಿರಸ್ಕಾರ ಒಂದೇ ಪದದಲ್ಲಿ ವಾಸ ಮಾಡುವುದು ಇಂಗ್ಲಿಷಿನ ವಿಚಿತ್ರವೇನಲ್ಲ.

‘ಪೆಟಿ ಕಂಟ್ರಾಕ್ಟರ್’ ಎಂದರೆ ಮುಖ್ಯ ಗುತ್ತಿಗೆದಾರನಿಂದ ಒಂದು ಭಾಗದ ಕೆಲಸ ಹಿಡಿದವನು. ಇದು ನಮ್ಮ ದೇಶದ ಇಂಗ್ಲಿಷು, ಹೊರದೇಶಕ್ಕೆ ಬರೆಯುವಾಗ ‘ಸಬ್‌ಕಂಟ್ರಾಕ್ಟರ್’ ಎನ್ನಿ. ‘ಪೆಟಿ ಬೂರ್ಜ್ವಾ’ ಎಂದರೆ ದೊಡ್ಡ ಬಂಡವಾಳವಿಲ್ಲದ ಸಣ್ಣ ವ್ಯಾಪಾರಿ, ಕುಶಲಕರ್ಮಿಗಳ ವರ್ಗ. ಹುಟ್ಟಿದ್ದು ದರ್ಜೆಯ ಹೆಸರಾಗಿ, ಈಗ ಬಹುಪಾಲು ಬೈಗುಳವಾಗಿಯೇ ಓಡಾಡುತ್ತಿದೆ.

‘ಪೆಟಿ ಶಾಪ್’ ಮಾತ್ರ ಸೋಜಿಗದ್ದು. ತಮಿಳು, ಮಲಯಾಳಗಳಲ್ಲಿ ‘ಪೆಟ್ಟಿ’ ಎಂದರೆ ನಮ್ಮ ಪೆಟ್ಟಿಗೆ. ತಮಿಳಿನ ‘ಪೆಟ್ಟಿಕ್ಕಡೈ’ ಎಂದರೆ ಪೆಟ್ಟಿಗೆಯಂಥ ಅಂಗಡಿ, ನಮ್ಮ ಗೂಡಂಗಡಿ. ಮೇಲೆ ತಗಡು, ಎದುರಿಗೆ ಬಾಳೆಗೊನೆ, ಬಿಸ್ಕತ್ತಿನ ಗಾಜಿನ ಡಬ್ಬಿ, ನೇತುಬಿಟ್ಟ ಶಾಂಪೂ ಸರ. ಪೆಟ್ಟಿಗೆಯ ಆಕಾರವೂ ಹೌದು, ಸಣ್ಣದೂ ಹೌದು, ಹಾಗಾಗಿ ಇಂಗ್ಲಿಷಿನ ‘ಪೆಟಿ’ ಮತ್ತು ಇಲ್ಲಿನ ‘ಪೆಟ್ಟಿ’ ಒಂದರ ಮೇಲೊಂದು ಕೂತುಬಿಟ್ಟವು. ಕನ್ನಡದಲ್ಲಿ ‘ಪೆಟ್ಟಿ ಅಂಗಡಿ’ ಎಂದು ಬರೆಯುವುದು ತಪ್ಪಲ್ಲ. ಆದರೆ ಲಂಡನ್ನಿನಲ್ಲಿ ‘ಪೆಟಿ ಶಾಪ್ ಎಲ್ಲಿದೆ’ ಎಂದು ಕೇಳಿದರೆ ಗೊತ್ತಾಗುವುದಿಲ್ಲ. ‘ಕಾರ್ನರ್ ಶಾಪ್’ ಅಥವಾ ‘ಕಿಯೋಸ್ಕ್’ ಎಂದು ಕೇಳಿ.

6. ಹಳಿಯುವ ‘ಪೆಟಿ’: ವಿಷಯ ನೋಡಬೇಡಿ, ಹಚ್ಚಿಕೊಂಡವರನ್ನು ನೋಡಿ

ಅಪಾರ್ಟ್‌ಮೆಂಟಿನಲ್ಲಿ ಒಬ್ಬರ ಕಾರಿನ ಚಕ್ರ ಪಾರ್ಕಿಂಗ್ ಗೆರೆಯಿಂದ ಅರ್ಧ ಅಡಿ ಆಚೆ ನಿಂತಿದೆ. ನಿಯಮ ಪಾಲಿಸುವ ಸಮಿತಿಗೆ ಅದು ‘ಮೈನರ್’ ಉಲ್ಲಂಘನೆ. ಯಾರಿಗೂ ತೊಂದರೆಯಾಗದಿದ್ದರೆ ‘ಟ್ರಿವಿಯಲ್’ ವಿಷಯ. ಪಕ್ಕದ ಮನೆಯವರು ದಿನಾ ಬೆಳಿಗ್ಗೆ ಟೇಪು ಹಿಡಿದು ಅಳೆದು ಫೋಟೊ ತೆಗೆದು ವಾಟ್ಸ್‌ಆಪ್ ಗುಂಪಿಗೆ ಹಾಕುತ್ತಿದ್ದರೆ ಆಗ ಅವರು ‘ಪೆಟಿ’. ಅರ್ಧ ಅಡಿ ಅಷ್ಟೇ ಇದೆ, ಪದ ಬದಲಾದದ್ದು ಅಳೆದವರಿಂದ.

ಕನ್ನಡಕ್ಕೆ ತರುವಾಗ ವ್ಯಕ್ತಿಗೆ ‘ಸಣ್ಣತನ’, ‘ಸಣ್ಣ ಬುದ್ಧಿ’, ‘ಚಿಲ್ಲರೆ ಬುದ್ಧಿ’ ಹೊಂದುತ್ತವೆ. ಜಗಳ, ಕಾರಣ, ತಕರಾರುಗಳಿಗೆ ‘ಕ್ಷುಲ್ಲಕ’ ಸರಿ. ‘ಜಿಪುಣ’ ಎಂದು ಮಾತ್ರ ಅನುವಾದಿಸಬೇಡಿ. ಜಿಪುಣನಿಗೆ ದುಡ್ಡಿನ ಚಿಂತೆ, ಪೆಟಿ ಮನುಷ್ಯನಿಗೆ ಲೆಕ್ಕ ಚುಕ್ತಾ ಮಾಡುವ ಚಿಂತೆ. ಐದು ರೂಪಾಯಿಗಾಗಿ ಐನೂರು ಖರ್ಚು ಮಾಡಿ ಹಟ ಸಾಧಿಸುವವನು ಪೆಟಿ, ಜಿಪುಣನಂತೂ ಅಲ್ಲ.

ಈಗಿನ ಹುಡುಗರು ‘ಐ ವಾಸ್ ಫೀಲಿಂಗ್ ಪೆಟಿ’ ಎಂದು ತಮ್ಮ ಬಗ್ಗೆಯೇ ಹೇಳಿಕೊಳ್ಳುವುದನ್ನು ಕೇಳಿರಬಹುದು. ಅಮೆರಿಕದ ಆಡುಮಾತಿನಿಂದ ಬಂದ ತಮಾಷೆಯ ಬಳಕೆ ಇದು. ಸಣ್ಣ ಸೇಡು ತೀರಿಸಿಕೊಂಡೆ, ಅದು ಸಣ್ಣತನ ಅಂತ ನನಗೂ ಗೊತ್ತು, ಆದರೂ ಮಜಾ ಬಂತು ಎಂಬ ಧ್ವನಿ. ಮೆಸೇಜಿಗೆ ಬೇಕೆಂದೇ ಬರೀ ‘ಕೆ’ ಎಂದು ಉತ್ತರಿಸುವಂಥದ್ದು. ತನ್ನ ಬಗ್ಗೆ ಹೇಳಿಕೊಂಡರೆ ತಮಾಷೆ, ಎದುರಿನವರಿಗೆ ಅಂದರೆ ಬೈಗುಳವೇ.

7. ಪತ್ರ, ಇ-ಮೇಲ್ ಬರೆಯುವಾಗ

ನಿಶ್ಚಿತ ಜೋಡಿಪದ ಅಲ್ಲದಿದ್ದರೆ ಕಚೇರಿಯ ಪತ್ರದಲ್ಲಿ ‘ಪೆಟಿ’ ಬರೆಯಬೇಡಿ. ವಿನಯ ಎಂದುಕೊಂಡು ಬರೆದದ್ದು ಉದ್ಧಟತನವಾಗಿ ಕಾಣುತ್ತದೆ. ಪದೇ ಪದೇ ಕಾಣುವ ಮೂರು ವಾಕ್ಯ:

‘ಐ ಹ್ಯಾವ್ ಎ ಪೆಟಿ ಡೌಟ್’: ಕೇಳಬೇಕಾದ್ದು ‘ಎ ಸ್ಮಾಲ್ ಕ್ವೆಶ್ಚನ್’.

‘ದೇರ್ ಈಸ್ ಎ ಪೆಟಿ ಮಿಸ್ಟೇಕ್ ಇನ್ ಯುವರ್ ರಿಪೋರ್ಟ್’: ‘ಮೈನರ್’ ಎನ್ನಿ. ‘ಪೆಟಿ’ ಎಂದರೆ ತಪ್ಪು ಎತ್ತಿ ತೋರಿಸಿದ ನೀವೇ ಹಗುರಾಗುತ್ತೀರಿ.

‘ಯುವರ್ ಕಂಪ್ಲೇಂಟ್ ಈಸ್ ಪೆಟಿ’: ಗ್ರಾಹಕರಿಗೆ ಹೀಗೆ ಬರೆದರೆ ‘ನಿಮ್ಮದು ಸಣ್ಣ ಬುದ್ಧಿ’ ಎಂದು ಅಚ್ಚು ಹಾಕಿ ಕೊಟ್ಟಂತೆ. ‘ದಿಸ್ ಈಸ್ ಎ ಮೈನರ್ ಇಶ್ಯೂ ಅಂಡ್ ವಿ ವಿಲ್ ಫಿಕ್ಸ್ ಇಟ್’ ಎಂದು ಬರೆಯಿರಿ.

ಮೊತ್ತ ಕಡಿಮೆ ಎಂದು ಸಿಟ್ಟಿನಲ್ಲಿ ಹೇಳಬೇಕಾದರೆ ಬೇಕಾದ್ದು ‘ಪಾಲ್ಟ್ರಿ’. ನಮ್ಮ ‘ಪುಟಗೋಸಿ ಸಾವಿರ ರೂಪಾಯಿ’, ‘ಜುಜುಬಿ ಇನ್‌ಕ್ರಿಮೆಂಟು’ ಎಂಬ ಮಾತಿನ ಖಾರ ಅದರಲ್ಲಿದೆ. ‘ಪೆಟಿ ಸ್ಯಾಲರಿ’ಗಿಂತ ಇದು ಲೇಸು. ‘ಟ್ರಿವಿಯಲ್’ ಬಳಸುವಾಗಲೂ ಕ್ಷೇತ್ರ ನೋಡಿ. ಸಾಫ್ಟ್‌ವೇರಿನವರ ‘ಟ್ರಿವಿಯಲ್ ಫಿಕ್ಸ್’ ಎಂದರೆ ಸುಲಭದ್ದು, ಗಣಿತದವರ ‘ಟ್ರಿವಿಯಲ್ ಸೊಲ್ಯೂಷನ್’ ಎಂದರೆ ಎಲ್ಲ ಬೆಲೆಗಳೂ ಸೊನ್ನೆಯಾಗುವ ಉತ್ತರ. ಅವರು ಯಾರನ್ನೂ ಹಳಿಯುತ್ತಿಲ್ಲ. ‘ಮೈನರ್’ಗೆ ‘ಅಪ್ರಾಪ್ತ’ ಎಂಬ ಅರ್ಥವೂ ಇರುವುದರಿಂದ ಮನುಷ್ಯರ ಪಕ್ಕ ಇಡುವಾಗ ಜೋಪಾನ.

8. ಹೋಲುವ ಪದ: ‘ಪಟೀಟ್’

ಇದೂ ಅದೇ ಫ್ರೆಂಚ್ ಮೂಲದ್ದು, ಸ್ತ್ರೀಲಿಂಗ ರೂಪ. ಇಂಗ್ಲಿಷಿನಲ್ಲಿ ಗಿಡ್ಡಗೆ, ತೆಳ್ಳಗೆ, ಲಕ್ಷಣವಾಗಿರುವ ಹೆಂಗಸಿಗೆ ಹೇಳುವ ಮೆಚ್ಚುಗೆಯ ಮಾತು. ಬಟ್ಟೆ ಅಂಗಡಿಯಲ್ಲಿ ಎತ್ತರ ಕಡಿಮೆ ಇರುವವರ ಅಳತೆಗೂ ಇದೇ ಹೆಸರು. ಬರೆಯುವಾಗ ಪಿ-ಇ-ಟಿ-ಐ-ಟಿ-ಇ, ಸ್ವರದ ಒತ್ತು ಎರಡನೆಯ ಅಕ್ಷರದ ಮೇಲೆ. ವಧೂವರರ ಜಾಹೀರಾತಿಗೆ ‘ಫೇರ್ ಅಂಡ್ ಪೆಟಿ’ ಎಂದು ಟೈಪು ಮಾಡಿ ಕಳಿಸಿದರೆ ಹುಡುಗಿ ಬೆಳ್ಳಗಿದ್ದಾಳೆ, ಬುದ್ಧಿ ಸಣ್ಣದು ಎಂದಾಗುತ್ತದೆ. ಕಾಗುಣಿತ ತಿದ್ದುವ ತಂತ್ರಾಂಶ ಇದನ್ನು ಹಿಡಿಯುವುದಿಲ್ಲ, ಎರಡೂ ಸರಿಯಾದ ಪದಗಳೇ. ಕಳಿಸುವ ಮೊದಲು ಇನ್ನೊಬ್ಬರಿಗೆ ಕೊಟ್ಟು ಓದಿಸಿ.